ಪಾಠದ ಸ್ಲೈಡುಗಳಲ್ಲಿ ಪಾತ್ರಗಳ ಚಲನೆಯೂ ಕನ್ನಡದ ವಾಕ್ಯಕ್ರಮವೂ

ಬೆಂಗಳೂರಿನ ಪೂರ್ವಭಾಗದಲ್ಲಿ, ಹಳೆಯ ವಿಮಾನ ನಿಲ್ದಾಣದ ರಸ್ತೆಯೂ ಹೊರವರ್ತುಲ ರಸ್ತೆಯೂ ಸಂಧಿಸುವೆಡೆಯಲ್ಲಿರುವ ಮಾರತ್ತಹಳ್ಳಿಯು ಹೆಸರಿನಲ್ಲಿ ಮಾತ್ರ ಹಳ್ಳಿಯಾಗಿ ಉಳಿದಿದೆ. ಅಲ್ಲಿಯ ಕಟ್ಟಡಗಳ ಅಂತಸ್ತು ಅಂತಸ್ತುಗಳಲ್ಲಿ ಕಂಪ್ಯೂಟರ್ ವಿದ್ಯೆಯನ್ನು ಕಲಿಸುವ ತರಬೇತಿ ಸಂಸ್ಥೆಗಳ ಫಲಕಗಳು ತೂಗುತ್ತಿವೆ. ಇಂತಹ ಬಡಾವಣೆಗಳಲ್ಲಿ ಕಲಿಸುವವರೂ ಕಲಿಯುವವರೂ ನಿತ್ಯವೂ ಬಳಸುವ ಸಾಧನಗಳಲ್ಲಿ ಒಂದು, ಇ-ಕಲಿಕೆಯ ಸ್ಲೈಡು. ತೆರೆಯ ಮೇಲೆ ಒಂದು ಚಿತ್ರವೂ ಕೆಲವು ಮಾತುಗಳೂ ಮೂಡುತ್ತವೆ; ಪಕ್ಕದಲ್ಲಿ ಉಪಾಧ್ಯಾಯಿನಿಯದೋ ಬಾಲಕನದೋ ರೂಪವೊಂದು ನಿಂತು, ಕೈ ನೀಡಿ ತೋರಿಸುತ್ತ, ತುಟಿಯಾಡಿಸುತ್ತ ವಿಷಯವನ್ನು ವಿವರಿಸುತ್ತದೆ. ಈ ರೂಪಗಳನ್ನು ಚಲಿಸುವಂತೆ ಮಾಡುವ ಕೆಲಸವು ಬರಿಯ ಯಂತ್ರಕೌಶಲವೆಂದು ಸಾಹಿತ್ಯದ ಉಪಾಧ್ಯಾಯರು ಅದನ್ನು ಅಲಕ್ಷಿಸುವುದು ಸಹಜ. ಆದರೆ ಪಾತ್ರವು ಯಾವ ಮಾತಿಗೆ ಕೈಯೆತ್ತಬೇಕು, ಯಾವ ಅಕ್ಷರಕ್ಕೆ ತುಟಿ ಮುಚ್ಚಬೇಕು ಎಂಬುದು ವ್ಯಾಕರಣದ ಪ್ರಶ್ನೆ. ಪಾಠವು ಮೊದಲು ಇಂಗ್ಲಿಷಿನಲ್ಲಿ ಸಿದ್ಧವಾಗಿ, ಬಳಿಕ ಧ್ವನಿಯನ್ನು ಮಾತ್ರ ಬದಲಿಸಿ ಕನ್ನಡಕ್ಕೆ ಬಂದಾಗ ಈ ಪ್ರಶ್ನೆಯು ತೊಡಕಾಗಿ ಎದುರಾಗುತ್ತದೆ.

ಮೊದಲು ಚಲನೆಯ ವಿಧಾನವನ್ನು ಸ್ವಲ್ಪ ನೋಡಬೇಕು. ಪವರ್‌ಪಾಯಿಂಟ್ ಎಂಬ ಸ್ಲೈಡುರಚನೆಯ ಸಾಧನವು 1987ರಲ್ಲಿ ಹೊರಬಂದಿತು. ಈಗ ಅದರಲ್ಲಿ ಚಿತ್ರಗಳ ಚಲನೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿರುತ್ತಾರೆ: ತೆರೆಗೆ ಬರುವುದು, ಇದ್ದಲ್ಲಿಯೇ ಎದ್ದು ತೋರುವುದು, ತೆರೆಯಿಂದ ಹೋಗುವುದು, ಗೊತ್ತಾದ ದಾರಿಯಲ್ಲಿ ಸಾಗುವುದು. ಪ್ರವೇಶ ನಿಷ್ಕ್ರಮಣಗಳು ನಾಟಕ ಓದುವವರಿಗೆ ಹೊಸವಲ್ಲ. ಯಂತ್ರವನ್ನು ರಚಿಸಿದವರಿಗೂ ರಂಗದ ಪರಿಭಾಷೆಯೇ ಒದಗಿತೆಂಬುದು ಕುತೂಹಲದ ಸಂಗತಿ. ಪಾತ್ರದ ಕೈಯಾಡಬೇಕಾದರೆ ರೂಪವನ್ನು ತಲೆ, ಮುಂಡ, ತೋಳು, ಮುಂಗೈ ಎಂದು ಬಿಡಿಬಿಡಿಯಾಗಿ ಕತ್ತರಿಸಿ, ಒಂದರ ಮೇಲೊಂದು ಇರಿಸಿ, ಬೇಕಾದ ಭಾಗವನ್ನು ಮಾತ್ರ ತಿರುಗಿಸುತ್ತಾರೆ. ಇಲ್ಲಿ ಒಂದು ತೊಡಕುಂಟು. ಪವರ್‌ಪಾಯಿಂಟ್ ಯಾವ ತುಂಡನ್ನಾದರೂ ಅದರ ಮಧ್ಯಬಿಂದುವಿನ ಸುತ್ತಲೇ ತಿರುಗಿಸುತ್ತದೆ. ಮನುಷ್ಯನ ಮುಂಗೈಯಾದರೋ ಮೊಣಕೈಯ ಕೀಲಿನಲ್ಲಿ ತಿರುಗಬೇಕು. ಹಾಗೆಯೇ ಬಿಟ್ಟರೆ ಮುಂಗೈಯು ಗಾಳಿಯಂತ್ರದ ಅಲಗಿನಂತೆ ಸುತ್ತುತ್ತದೆ. ಬಲ್ಲವರು ಅದಕ್ಕೆ ಒಂದು ಉಪಾಯ ಹೂಡುತ್ತಾರೆ: ಮುಂಗೈಯಷ್ಟೇ ಉದ್ದವಾದ, ಬಣ್ಣವಿಲ್ಲದ, ಕಣ್ಣಿಗೆ ಕಾಣದ ಇನ್ನೊಂದು ತುಂಡನ್ನು ಮೊಣಕೈಯ ಆಚೆಗೆ ಜೋಡಿಸಿ ಎರಡನ್ನೂ ಒಂದೇ ಚಿತ್ರವಾಗಿ ಬಂಧಿಸುತ್ತಾರೆ. ಆಗ ಇಡಿಯ ಜೋಡಿಯ ಮಧ್ಯಬಿಂದುವು ಮೊಣಕೈಯಲ್ಲಿಯೇ ಬೀಳುತ್ತದೆ. ಕೈಯು ಕೈಯಂತೆ ಆಡುತ್ತದೆ.

ಕೀಲುಗಳುಳ್ಳ ಚಪ್ಪಟೆಯ ರೂಪವನ್ನು ತೆರೆಯ ಮೇಲೆ ಆಡಿಸಿ ಕಥೆಯನ್ನು ತಿಳಿಸುವ ಕಲೆಯು ಕರ್ಣಾಟಕಕ್ಕೆ ಪರಕೀಯವಲ್ಲ. ತೊಗಲುಗೊಂಬೆಯಾಟದಲ್ಲಿ ನಡೆಯುವುದೂ ಇದೇ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಎಂ. ಎಸ್. ನಂಜುಂಡರಾಯರ ಆಸಕ್ತಿಯಿಂದ ಕೂಡಿಬಂದಿರುವ ಗೊಂಬೆಗಳ ಸಂಗ್ರಹವನ್ನು ಕಂಡವರಿಗೆ ಈ ಹೋಲಿಕೆಯು ಒಡನೆಯೇ ಹೊಳೆಯುವುದು. ಅರಸರಿಗೂ ದೇವತೆಗಳಿಗೂ ದೊಡ್ಡ ಗೊಂಬೆ, ಸೇವಕರಿಗೂ ಸಾಮಾನ್ಯರಿಗೂ ಸಣ್ಣ ಗೊಂಬೆ. ಹೀಗೆ ಗಾತ್ರದಿಂದಲೇ ಪಾತ್ರದ ಅಂತಸ್ತು ತಿಳಿಯುತ್ತದೆ. ಕೆಲವು ಗೊಂಬೆಗಳು ಅಖಂಡವಾದುವು, ಕೆಲವಕ್ಕೆ ಕೈಕಾಲುಗಳಲ್ಲಿ ಕೀಲುಂಟು. ಆಟದ ನಡುವೆ ಹಾಸ್ಯಕ್ಕೆ ಬರುವ ಕಿಳ್ಳೇಕ್ಯಾತನೂ ಅವನ ಹೆಂಡತಿ ಬಂಗಾರಕ್ಕನೂ ಮೈತುಂಬ ಚಲನೆಯುಳ್ಳವರು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದುದರಿಂದ ಈ ಕಲೆಯ ಕಡೆಗೆ ನಗರವಾಸಿಗಳ ಗಮನವೂ ಹರಿದಿದೆ.

ಸ್ಲೈಡು ರಚಿಸುವವರಿಗೆ ಈ ಆಟದಿಂದ ದೊರೆಯುವ ಮುಖ್ಯವಾದ ತಿಳಿವಳಿಕೆ ಒಂದುಂಟು. ಗೊಂಬೆಯ ತುಟಿಯು ಸಾಮಾನ್ಯವಾಗಿ ಆಡುವುದಿಲ್ಲ. ಆದರೂ ಯಾರು ಮಾತನಾಡುತ್ತಿರುವರೆಂಬುದರಲ್ಲಿ ಪ್ರೇಕ್ಷಕನಿಗೆ ಸಂದೇಹ ಬಾರದು. ಮಾತಿನ ಪಾತ್ರವು ಅಲುಗುತ್ತದೆ, ಕೇಳುವ ಪಾತ್ರವು ಸುಮ್ಮನಿರುತ್ತದೆ. ಅಲುಗಾಟವೇ ಮಾತಿನ ಚಿಹ್ನೆ. ಸ್ಲೈಡಿನಲ್ಲಿ ನಾಲ್ಕು ರೂಪಗಳು ಏಕಕಾಲದಲ್ಲಿ ಕಣ್ಣು ಮಿಟುಕಿಸುತ್ತ ತಲೆಯಾಡಿಸುತ್ತ ನಿಂತಿದ್ದರೆ ಈ ಚಿಹ್ನೆಯು ಅಳಿಸಿಹೋಗುತ್ತದೆ.

ಚಲನೆಯಿಂದ ಕಲಿಕೆಗೆ ಉಪಕಾರವುಂಟೇ ಎಂಬುದನ್ನು ಪಾಶ್ಚಾತ್ಯ ಮನಶ್ಶಾಸ್ತ್ರಜ್ಞರು ಪರೀಕ್ಷಿಸಿರುವರು. 1991ರಲ್ಲಿ ಮೇಯರ್ ಮತ್ತು ಆಂಡರ್ಸನ್ ಎಂಬ ವಿದ್ವಾಂಸರು ಸೈಕಲ್ಲಿನ ಗಾಳಿಪಂಪು ಕೆಲಸ ಮಾಡುವ ಬಗೆಯನ್ನು ಚಲಿಸುವ ಚಿತ್ರದಿಂದ ವಿದ್ಯಾರ್ಥಿಗಳಿಗೆ ತೋರಿಸಿದರು. ವಿವರಣೆಯನ್ನು ಚಿತ್ರದೊಡನೆಯೇ ಕೇಳಿದವರು, ವಿವರಣೆಯನ್ನು ಮೊದಲು ಕೇಳಿ ಆಮೇಲೆ ಚಿತ್ರವನ್ನು ನೋಡಿದವರಿಗಿಂತ ಹೊಸ ಸಮಸ್ಯೆಗಳನ್ನು ಚೆನ್ನಾಗಿ ಬಿಡಿಸಿದರು. ಮಾತೂ ನೋಟವೂ ಒಂದೇ ಕ್ಷಣದಲ್ಲಿ ಕೂಡಿಬರಬೇಕೆಂಬುದು ಇದರ ತಾತ್ಪರ್ಯ. 2001ರಲ್ಲಿ ಮೊರೆನೊ, ಮೇಯರ್ ಮೊದಲಾದವರು ಸಸ್ಯಶಾಸ್ತ್ರವನ್ನು ಕಲಿಸುವ ಒಂದು ಹುಳುವಿನ ಪಾತ್ರವನ್ನು ಪರೀಕ್ಷೆಗೆ ಒಡ್ಡಿದಾಗ, ಕಲಿಕೆಗೆ ನೆರವಾದುದು ಬಹುಮಟ್ಟಿಗೆ ಆ ಪಾತ್ರದ ಧ್ವನಿ. ರೂಪವು ತೆರೆಯ ಮೇಲಿದ್ದರೂ ಇಲ್ಲದಿದ್ದರೂ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಮರುವರ್ಷ ಟ್ವರ್‌ಸ್ಕಿ ಮತ್ತು ಅವರ ಸಹಚರರು ಅನೇಕ ಪ್ರಯೋಗಗಳನ್ನು ಒಟ್ಟಾಗಿ ವಿಮರ್ಶಿಸಿ, ಚಲಿಸುವ ಚಿತ್ರವು ನಿಶ್ಚಲ ಚಿತ್ರಕ್ಕಿಂತ ತಾನಾಗಿಯೇ ಮೇಲೆಂದು ಹೇಳಲಾಗದೆಂದು ತೋರಿಸಿದರು. ಆದುದರಿಂದ ಪಾತ್ರವು ಇದ್ದರೆ ಸಾಲದು. ಕಲಿಯುವವನ ಕಣ್ಣನ್ನು ಸರಿಯಾದ ಕ್ಷಣದಲ್ಲಿ ಸರಿಯಾದ ಎಡೆಗೆ ಒಯ್ಯಬೇಕು. ಅದನ್ನು ಮಾಡದ ರೂಪವು ಅಲಂಕಾರಮಾತ್ರ. ಒಮ್ಮೊಮ್ಮೆ ಅಡ್ಡಿಯೂ ಹೌದು.

“ಸರಿಯಾದ ಕ್ಷಣ” ಎಂಬಲ್ಲಿಯೇ ಕನ್ನಡದ ವಾಕ್ಯಕ್ರಮವು ಮುಂದೆ ಬರುತ್ತದೆ. ಎಲೆಯು ಬಿಸಿಲಿನ ನೆರವಿನಿಂದ ಆಹಾರವನ್ನು ತಯಾರಿಸುತ್ತದೆ ಎಂಬ ಪಾಠವನ್ನೇ ತೆಗೆದುಕೊಳ್ಳಬಹುದು. ಇಂಗ್ಲಿಷಿನಲ್ಲಿ ಕರ್ತೃವಾದ ಎಲೆ, ಒಡನೆಯೇ ಕ್ರಿಯೆ, ಅನಂತರ ಆಹಾರ, ಕಟ್ಟಕಡೆಗೆ ಬಿಸಿಲು, ಹೀಗೆ ಮಾತು ಸಾಗುತ್ತದೆ. ಚಿತ್ರಕಾರನು ಅದಕ್ಕೆ ಹೊಂದುವಂತೆ ಪಾತ್ರದ ಬೆರಳನ್ನು ಮೊದಲು ಎಲೆಗೆ, ಬಳಿಕ ಆಹಾರಕ್ಕೆ, ಕೊನೆಗೆ ಸೂರ್ಯನಿಗೆ ತಿರುಗಿಸಿರುತ್ತಾನೆ. ಧ್ವನಿಯು ಕನ್ನಡಕ್ಕೆ ಬದಲಾದರೆ, “ಬಿಸಿಲಿನ ನೆರವಿನಿಂದ” ಎನ್ನುವಾಗ ಬೆರಳು ಆಹಾರವನ್ನು ತೋರುತ್ತದೆ; “ಆಹಾರವನ್ನು ತಯಾರಿಸುತ್ತದೆ” ಎನ್ನುವಾಗ ಸೂರ್ಯನನ್ನು ತೋರುತ್ತದೆ. ಪದವನ್ನು ಮೊದಲ ಸಲ ಕೇಳುತ್ತಿರುವ ಬಾಲಕನು ಕಿವಿಯನ್ನು ನಂಬಬೇಕೋ ಕಣ್ಣನ್ನು ನಂಬಬೇಕೋ? ಗಾಳಿಪಂಪಿನ ಪ್ರಯೋಗದಲ್ಲಿ ಮಾತು ನೋಟಗಳು ಬೇರೆಬೇರೆ ಕಾಲಕ್ಕೆ ಬಂದುದರಿಂದಲೇ ಕಲಿಕೆ ಕುಂದಿತು. ಇಲ್ಲಿ ಅವು ಒಂದನ್ನೊಂದು ಅಲ್ಲಗಳೆಯುತ್ತವೆ.

ಕನ್ನಡದಲ್ಲಿ ವಿಭಕ್ತಿಪ್ರತ್ಯಯಗಳಿರುವುದರಿಂದ ಪದಗಳನ್ನು ಹಿಂದುಮುಂದಾಗಿಸಬಹುದಲ್ಲವೇ ಎಂದು ಯಾರಾದರೂ ಆಕ್ಷೇಪಿಸಬಹುದು. “ಎಲೆಯು ಆಹಾರವನ್ನು ಬಿಸಿಲಿನ ನೆರವಿನಿಂದ ತಯಾರಿಸುತ್ತದೆ” ಎಂಬುದೂ ಶುದ್ಧವಾದ ವಾಕ್ಯವೇ. ಆದರೆ ಕ್ರಿಯಾಪದದ ಹಿಂದೆಯೇ ಬರುವ ಪದಕ್ಕೆ ಕನ್ನಡದಲ್ಲಿ ಒತ್ತು ಬೀಳುವುದರಿಂದ, ಈ ವಾಕ್ಯವು ಯಾವುದರ ನೆರವಿನಿಂದ ಎಂಬ ಪ್ರಶ್ನೆಗೆ ಉತ್ತರವಾಗುತ್ತದೆಯೇ ಹೊರತು, ಎಲೆಯು ಏನು ಮಾಡುತ್ತದೆ ಎಂಬುದಕ್ಕಲ್ಲ. ಚಿತ್ರಕ್ಕಾಗಿ ವಾಕ್ಯವನ್ನು ತಿರುಚಿದರೆ ಅರ್ಥವು ಓರೆಯಾಗುವುದು. ವಿಶೇಷಣವಾಕ್ಯಗಳಲ್ಲಿ ಈ ಸ್ವಾತಂತ್ರ್ಯವೂ ಇಲ್ಲ. “ಹಣ್ಣನ್ನು ತಿಂದ ಹಕ್ಕಿ” ಎಂಬಲ್ಲಿ ಹಣ್ಣು ಮೊದಲು, ಹಕ್ಕಿ ಕಡೆಗೆ. ಇಂಗ್ಲಿಷಿನಲ್ಲಿ ಇದಕ್ಕೆ ತಲೆಕೆಳಗು.

ನಿಷೇಧದ ವಿಷಯವು ಇನ್ನೂ ನಾಜೂಕಾದುದು. “ಕಬ್ಬಿಣದ ಮೊಳೆಯು ನೀರಿನಲ್ಲಿ ತೇಲುವುದಿಲ್ಲ” ಎಂಬಲ್ಲಿ ಇಲ್ಲವೆಂಬ ಅರ್ಥವು ಕಡೆಯ ಎರಡು ಅಕ್ಷರಗಳಲ್ಲಿ ಅಡಗಿದೆ. ಇಂಗ್ಲಿಷಿನಲ್ಲಿ ನಿಷೇಧವು ಕರ್ತೃವಿನ ಬೆನ್ನಿಗೇ ಬರುವುದರಿಂದ ಪಾತ್ರವು ಅಲ್ಲಿಯೇ ತಲೆಯನ್ನು ಅಡ್ಡಡ್ಡ ಆಡಿಸಿರುತ್ತದೆ. ಕನ್ನಡದ ಧ್ವನಿಯಲ್ಲಿ ಆ ಕ್ಷಣಕ್ಕೆ “ನೀರಿನಲ್ಲಿ” ಎಂಬ ಮಾತು ಬಂದು, ಪಾತ್ರವು ನೀರನ್ನೇ ನಿರಾಕರಿಸಿದಂತೆ ಕಾಣುತ್ತದೆ. “ಇಲ್ಲ” ಎಂಬ ಮಾತು ಬರುವಷ್ಟರಲ್ಲಿ ತಲೆಯು ನೆಟ್ಟಗೆ ನಿಂತು ನಗುತ್ತಿರುತ್ತದೆ. ತರಗತಿಯಲ್ಲಿ ಕನ್ನಡ ಉಪಾಧ್ಯಾಯರಾರೂ ಹೀಗೆ ಮಾಡುವುದಿಲ್ಲ. ಅವರ ಕೈಯೂ ಹುಬ್ಬೂ ಕ್ರಿಯಾಪದಕ್ಕಾಗಿ ಕಾದಿರುತ್ತವೆ.

ಇನ್ನು ತುಟಿಗಳ ಚಲನೆ. ಅನಿಮೇಷನ್ ಕಲೆಯಲ್ಲಿ ಬಾಯಿಯ ಆಕಾರಗಳ ಒಂದು ಪಟ್ಟಿಯನ್ನಿಟ್ಟುಕೊಂಡು ಅಕ್ಷರಕ್ಕೆ ತಕ್ಕ ಆಕಾರವನ್ನು ಕೂರಿಸುವುದು ರೂಢಿ. ಬಳಕೆಯಲ್ಲಿರುವ ಪಟ್ಟಿಗಳು ಬಹುತರ ಇಂಗ್ಲಿಷಿನ ಧ್ವನಿಗಳನ್ನು ಅನುಸರಿಸಿದುವು. ಕನ್ನಡಕ್ಕೆ ಬೇಕಾದ ಪಟ್ಟಿಯ ಸಾಮಗ್ರಿಯಾದರೋ ವರ್ಣಮಾಲೆಯಲ್ಲಿಯೇ ಸಿದ್ಧವಾಗಿದೆ. ಧ್ವನಿಗಳನ್ನು ಹುಟ್ಟುವ ಸ್ಥಾನದಿಂದ ವಿಂಗಡಿಸುವ ಕ್ರಮವನ್ನು ಹದಿಮೂರನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣವನ್ನು ಓದಿದವರೆಲ್ಲರೂ ಬಲ್ಲರು. ಅವುಗಳಲ್ಲಿ ಹೊರಗಣ್ಣಿಗೆ ಕಾಣುವುವು ಕೆಲವೇ. ಪವರ್ಗದ ಐದಕ್ಕೂ ತುಟಿ ಮುಚ್ಚಬೇಕು. ವಕಾರಕ್ಕೆ ಕೆಳದುಟಿಯು ಮೇಲಿನ ಹಲ್ಲಿನ ಸಮೀಪಕ್ಕೆ ಬರಬೇಕು. ಅಕಾರಕ್ಕೆ ಬಾಯಿ ಸ್ವಲ್ಪ ತೆರೆಯಬೇಕು, ಆಕಾರಕ್ಕೆ ಅಗಲವಾಗಿ ತೆರೆಯಬೇಕು. ಇ ಈ ಎ ಏ ಎಂಬುವಕ್ಕೆ ತುಟಿ ಹರಡಬೇಕು. ಉ ಊ ಒ ಓ ಎಂಬುವಕ್ಕೆ ದುಂಡಗಾಗಬೇಕು. ಐಕಾರ ಔಕಾರಗಳು ಇವುಗಳ ಜೋಡಣೆಯಿಂದಲೇ ಆಗುತ್ತವೆ. ಕವರ್ಗ, ಟವರ್ಗ, ತವರ್ಗಗಳಲ್ಲಿ ಕೆಲಸವೆಲ್ಲ ನಾಲಗೆಯದು. ಅವು ಮುಂದೆ ಬರುವ ಸ್ವರದ ಆಕಾರವನ್ನೇ ತಳೆಯುತ್ತವೆ. ಹಲ್ಲಿ, ಹಳ್ಳಿ ಎಂಬೆರಡು ಮಾತುಗಳು ತೆರೆಯ ಮೇಲಿನ ತುಟಿಗೆ ಒಂದೇ. ಹೀಗೆ ಆರು ಆಕಾರಗಳಿಂದ ಕನ್ನಡದ ವ್ಯವಹಾರವು ಬಹುಮಟ್ಟಿಗೆ ಸಾಗುವುದು.

ತುಟಿಯ ಅಕ್ಷರಗಳ ಎಣಿಕೆಯನ್ನು ಹಿಂದಿನ ಕವಿಗಳು ವಿನೋದಕ್ಕಾಗಿ ಮಾಡಿದ್ದುಂಟು. ನಿರೋಷ್ಠ್ಯವೆಂಬ ಚಿತ್ರಕವಿತ್ವದಲ್ಲಿ ತುಟಿ ಸೋಂಕುವ ಅಕ್ಷರವೊಂದೂ ಇರಬಾರದು. ದಂಡಿಯ ದಶಕುಮಾರಚರಿತದಲ್ಲಿ ಮಂತ್ರಗುಪ್ತನು ತುಟಿಗೆ ಗಾಯವಾಗಿರುವ ಕಾರಣದಿಂದ ತನ್ನ ಕಥೆಯನ್ನೆಲ್ಲ ಹಾಗೆಯೇ ಹೇಳಿ ಮುಗಿಸುತ್ತಾನೆ. ಸ್ಲೈಡಿನ ಚಿತ್ರಕಾರನಿಗೆ ಇದಕ್ಕಿಂತ ಸುಲಭನಾದ ಪಾತ್ರಧಾರಿ ದೊರೆಯಲಾರನು.

ಮಾರತ್ತಹಳ್ಳಿ ಎಂಬ ಹೆಸರನ್ನೇ ತುಟಿಗೆ ಹೊಂದಿಸಿ ನೋಡಬಹುದು. ಮಕಾರಕ್ಕೆ ಒಮ್ಮೆ ಮುಚ್ಚಿದ ತುಟಿಯು ಆಕಾರಕ್ಕೆ ಅಗಲವಾಗಿ ತೆರೆದು, “ರತ್ತಹ” ಎಂಬವರೆಗೂ ಅಕಾರದಲ್ಲಿ ನಿಂತು, “ಳ್ಳಿ” ಎಂಬಲ್ಲಿ ಹರಡುತ್ತದೆ. ಒತ್ತಕ್ಷರಗಳು ಎರಡಿರುವುದರಿಂದ ಆ ಎಡೆಗಳಲ್ಲಿ ಆಕಾರವನ್ನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿಸಬೇಕು. ಬೆಂಗಳೂರು ಎಂಬಲ್ಲಿ ಬೇರೊಂದು ಎಚ್ಚರಿಕೆ ಬೇಕು. ಅಲ್ಲಿಯ ಸೊನ್ನೆಯು ಗಕಾರದ ಹಿಂದಿರುವುದರಿಂದ ಙಕಾರದಂತೆ ನುಡಿಯಲ್ಪಡುತ್ತದೆ, ತುಟಿ ಮುಚ್ಚದು. ಕಂಬ, ಸಂಪಿಗೆ ಎಂಬಲ್ಲಿ ಅದೇ ಸೊನ್ನೆಗೆ ತುಟಿ ಮುಚ್ಚುತ್ತದೆ. ಸೊನ್ನೆಯೆಲ್ಲವನ್ನೂ ಮಕಾರವೆಂದು ತಿಳಿದು ಆಕಾರವನ್ನು ಕೂರಿಸಿದರೆ, ಪಾತ್ರವು ಬೆಂಗಳೂರೆನ್ನುವಾಗ ನಡುವೆ ಏನನ್ನೋ ನುಂಗಿದಂತೆ ಕಾಣುವುದು.

ಇಂಗ್ಲಿಷಿನ ಮಧ್ಯಮಪುರುಷಕ್ಕೆ ಒಂದೇ ಸರ್ವನಾಮವಿರುವುದರಿಂದ ಹುಟ್ಟುವ ತೊಡಕೂ ಸಣ್ಣದಲ್ಲ. ಹತ್ತು ವರ್ಷದ ಬಾಲಕನ ರೂಪವು ತನ್ನ ಓರಗೆಯ ವಿದ್ಯಾರ್ಥಿಗೆ “ತಾವು ಗಮನಿಸಿರಿ” ಎಂದರೆ ನಗೆಗೀಡು. ಅದೇ ಪಾಠವನ್ನು ತರಬೇತಿ ಸಂಸ್ಥೆಯಲ್ಲಿ ವಯಸ್ಕರಿಗೆ ತೋರಿಸುವಾಗ “ನೋಡು” ಎಂದರೆ ಅವಿನಯ. ಪಾತ್ರದ ವಯಸ್ಸನ್ನೂ ಕೇಳುವವರ ವಯಸ್ಸನ್ನೂ ಗೊತ್ತುಮಾಡಿಕೊಂಡ ಮೇಲೆಯೇ ಕ್ರಿಯಾಪದದ ರೂಪವನ್ನು ಗೊತ್ತುಮಾಡಬೇಕು.

ಕೆಲಸದ ಕ್ರಮವನ್ನು ಬದಲಿಸಿದರೆ ಮೇಲ್ಕಂಡ ತೊಡಕುಗಳಲ್ಲಿ ಬಹುಪಾಲು ತಾವಾಗಿಯೇ ಬಿಡುತ್ತವೆ. ಡಿಸ್ನಿಯವರ ಚಿತ್ರಶಾಲೆಯಲ್ಲಿಯೂ ಪಾತ್ರಗಳ ಧ್ವನಿಯನ್ನು ಮೊದಲು ಮುದ್ರಿಸಿ, ಅದನ್ನು ಕೇಳಿಯೇ ಚಿತ್ರಗಳನ್ನು ಬರೆಯುವುದು ರೂಢಿಯಾಗಿತ್ತು. ಕನ್ನಡ ಪಾಠಕ್ಕೂ ಹಾಗೆಯೇ ಮೊದಲು ವಾಕ್ಯವನ್ನು ಕನ್ನಡದಲ್ಲಿ ರಚಿಸಿ, ಬಲ್ಲವರಿಂದ ಓದಿಸಿ ಧ್ವನಿಯನ್ನು ಮುದ್ರಿಸಬೇಕು. ಆಮೇಲೆ ಪ್ರತಿಯೊಂದು ಪದವೂ ಎಷ್ಟನೆಯ ಕ್ಷಣಕ್ಕೆ ಬೀಳುವುದೆಂದು ಗುರುತಿಟ್ಟು, ಆ ಗುರುತಿಗೆ ಬೆರಳನ್ನೂ ತಲೆಯನ್ನೂ ಹೊಂದಿಸಬೇಕು. ತುಟಿಯದು ಕಡೆಯ ಕೆಲಸ. ಹಣಕಾಸಿನ ಅನುಕೂಲವಿಲ್ಲದ ಕಡೆ ತುಟಿಯನ್ನು ಬಿಟ್ಟರೂ ಬಿಡಬಹುದು, ತೊಗಲುಗೊಂಬೆಗಳು ಅದಿಲ್ಲದೆಯೇ ರಾಮಾಯಣವನ್ನು ನಡೆಸಿವೆ. ಆದರೆ ಬೆರಳನ್ನು ಇಂಗ್ಲಿಷಿನ ಕ್ರಮದಲ್ಲಿಯೇ ಬಿಡುವಂತಿಲ್ಲ. ಈಗಾಗಲೇ ಇಂಗ್ಲಿಷಿನಲ್ಲಿ ಸಿದ್ಧವಾಗಿರುವ ಪಾಠವಾದರೆ, ಕೈಯ ಚಲನೆಯನ್ನು ಧ್ವನಿಯಿಂದ ಬಿಡಿಸಿ, ಸ್ಲೈಡಿನ ಚಲನೆಗಳ ಸಾಲಿನಲ್ಲಿ ಎರಡನೆಯದನ್ನೂ ಮೂರನೆಯದನ್ನೂ ಅದಲುಬದಲು ಮಾಡಿದರೆ ಎಲೆಯ ಪಾಠವು ಸರಿಹೋಗುತ್ತದೆ. ಅದು ಕೆಲವೇ ನಿಮಿಷಗಳ ಕೆಲಸ. ಯಾವ ಯಾವ ಪಾಠದಲ್ಲಿ ಅದು ಅಗತ್ಯವೆಂಬುದನ್ನು ಗುರುತಿಸಲು ಮಾತ್ರ ಚಿತ್ರಕಾರನ ಪಕ್ಕದಲ್ಲಿ ಕನ್ನಡವನ್ನು ಬಲ್ಲವರೊಬ್ಬರು ಕುಳಿತಿರಬೇಕು.