‘ನೀಲಿ ಕಂಬ’ಗಳಿಗೆ 13 ಲಕ್ಷ ಡಾಲರ್: ತೆರಿಗೆದಾರನ ಹಣ, ಅರ್ಥವಾಗದ ಚಿತ್ರ

ಒಂದು ಚಿತ್ರಪಟದ ಖರೀದಿ ಸರ್ಕಾರವೊಂದನ್ನು ಇಕ್ಕಟ್ಟಿಗೆ ಸಿಲುಕಿಸಬಲ್ಲದೆ? 1973ರಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದದ್ದು ಅದೇ. ಅಮೆರಿಕದ ಕಲಾವಿದ ಜಾಕ್ಸನ್ ಪೊಲಾಕ್ 1952ರಲ್ಲಿ ರಚಿಸಿದ ‘ಬ್ಲೂ ಪೋಲ್ಸ್’, ಅರ್ಥಾತ್ ನೀಲಿ ಕಂಬಗಳು, ಎಂಬ ಅಮೂರ್ತ ಚಿತ್ರವನ್ನು ಅಲ್ಲಿನ ಸರ್ಕಾರ 13 ಲಕ್ಷ ಆಸ್ಟ್ರೇಲಿಯನ್ ಡಾಲರ್ ತೆತ್ತು ಕೊಂಡಿತು. ಆಗಿನ ವಿನಿಮಯ ದರದಲ್ಲಿ ಅದು 20 ಲಕ್ಷ ಅಮೆರಿಕನ್ ಡಾಲರ್. ಅಮೆರಿಕದ ಆಧುನಿಕ ಚಿತ್ರವೊಂದಕ್ಕೆ ಅದುವರೆಗೆ ಯಾರೂ ಅಷ್ಟು ದೊಡ್ಡ ಮೊತ್ತವನ್ನು ಕೊಟ್ಟಿರಲಿಲ್ಲ. ನಮ್ಮ ತೆರಿಗೆ ಹಣ ಬಣ್ಣದ ಗೀಚಾಟಕ್ಕೆ ಸುರಿಯಲಿಕ್ಕಿದೆಯೇ ಎಂಬ ಕೂಗು ದೇಶದಾದ್ಯಂತ ಎದ್ದಿತು.

ಚಿತ್ರದ ಬಗ್ಗೆ ಎರಡು ಮಾತು. ಸುಮಾರು ಐದು ಮೀಟರ್ ಅಗಲ, ಎರಡು ಮೀಟರಿಗೂ ತುಸು ಹೆಚ್ಚು ಎತ್ತರದ ಕ್ಯಾನ್ವಾಸ್ ಅದು. ಪೊಲಾಕ್ ಚಿತ್ರವನ್ನು ಗೋಡೆಗೆ ಒರಗಿಸಿ ಬರೆಯುವವರಲ್ಲ. ರಂಗೋಲಿ ಹಾಕುವವರಂತೆ ನೆಲದ ಮೇಲೆ ಹಾಸಿ, ಮೇಲಿನಿಂದ ಬಣ್ಣವನ್ನು ತೊಟ್ಟಿಕ್ಕಿಸುತ್ತ, ಎರಚುತ್ತ ಸುತ್ತಲೂ ನಡೆದಾಡುತ್ತಿದ್ದರು. ಹೀಗೆ ಹೆಣೆದುಕೊಂಡ ಹಳದಿ, ಬಿಳಿ, ಕಿತ್ತಳೆ, ಬೆಳ್ಳಿ ಬಣ್ಣದ ಎಳೆಗಳ ಮೇಲೆ ಕೊನೆಯಲ್ಲಿ ಮೂಡಿದವು ಓರೆಯಾಗಿ ನಿಂತ ಎಂಟು ಕಡುನೀಲಿ ಕಂಬಗಳು. ಬಣ್ಣ ಬಳಿದ ಮರದ ಪಟ್ಟಿಯನ್ನು ಒತ್ತಿ ಅವುಗಳನ್ನು ಮೂಡಿಸಲಾಯಿತೆಂದು ಹೇಳುತ್ತಾರೆ. ಬಣ್ಣದ ನಡುವೆ ಗಾಜಿನ ಚೂರುಗಳೂ ಸೇರಿಕೊಂಡಿವೆ. ಪೊಲಾಕ್ 1956ರಲ್ಲಿ, 44ನೆಯ ವಯಸ್ಸಿನಲ್ಲಿ ಕಾರು ಅಪಘಾತದಲ್ಲಿ ಮೃತಪಟ್ಟರು. ಖರೀದಿಯ ವೇಳೆಗೆ ಚಿತ್ರ ನ್ಯೂಯಾರ್ಕಿನ ಸಂಗ್ರಾಹಕರೊಬ್ಬರ ಮನೆಯಲ್ಲಿತ್ತು.

ಇಷ್ಟಕ್ಕೂ ಈ ಖರೀದಿ ಬೀದಿಗೆ ಬಂದದ್ದು ಹೇಗೆಂಬುದೇ ಸ್ವಾರಸ್ಯಕರ. ಕ್ಯಾನ್‌ಬೆರಾದಲ್ಲಿ ರಾಷ್ಟ್ರೀಯ ಗ್ಯಾಲರಿ ಸ್ಥಾಪಿಸುವ ಸಿದ್ಧತೆ ನಡೆದಿತ್ತೇ ವಿನಾ ಅದಕ್ಕಿನ್ನೂ ಸ್ವಂತ ಕಟ್ಟಡವಿರಲಿಲ್ಲ. ಆ ಗ್ಯಾಲರಿಗೆ ಸಂಗ್ರಹ ಕೂಡಿಸುವ ಹೊಣೆ ಹೊತ್ತಿದ್ದವರು ಜೇಮ್ಸ್ ಮೊಲಿಸನ್. ಹತ್ತು ಲಕ್ಷ ಡಾಲರಿಗೆ ಮೇಲ್ಪಟ್ಟ ಖರೀದಿಗೆ ಅವರಿಗೆ ಅಧಿಕಾರವಿರಲಿಲ್ಲವಾದ್ದರಿಂದ ಕಡತ ನೇರವಾಗಿ ಪ್ರಧಾನಿ ಗಾಫ್ ವಿಟ್ಲಮ್ ಅವರ ಮೇಜಿಗೆ ಹೋಯಿತು. ವಿಟ್ಲಮ್ ಒಪ್ಪಿಗೆ ನೀಡಿದ್ದಷ್ಟೇ ಅಲ್ಲ, ಬೆಲೆಯನ್ನು ಬಹಿರಂಗಪಡಿಸುವಂತೆಯೂ ಸೂಚಿಸಿದರು. ಗುಟ್ಟಾಗಿಟ್ಟಿದ್ದರೆ ಇಷ್ಟು ರಂಪವಾಗುತ್ತಿತ್ತೇ ಎಂಬುದು ಸಂಶಯ. ಆದರೆ ಸಾರ್ವಜನಿಕ ಹಣವನ್ನು ಗುಟ್ಟಾಗಿ ಖರ್ಚು ಮಾಡುವುದು ಅದಕ್ಕಿಂತ ದೊಡ್ಡ ತಪ್ಪಲ್ಲವೆ?

ಸುದ್ದಿ ಹೊರಬಿದ್ದದ್ದೇ ತಡ, ಪತ್ರಿಕೆಗಳು ಮುಗಿಬಿದ್ದವು. ಬರಿಗಾಲಿನ ಕುಡುಕರು ಸೇರಿ ಬಳಿದ ಚಿತ್ರವಿದು ಎಂಬರ್ಥದ ತಲೆಬರಹ ಸಿಡ್ನಿಯ ಪತ್ರಿಕೆಯೊಂದರಲ್ಲಿ ರಾರಾಜಿಸಿತು. ವಿಟ್ಲಮ್ ಅಂಜಲಿಲ್ಲ, ಆ ವರ್ಷದ ತಮ್ಮ ಕ್ರಿಸ್ಮಸ್ ಶುಭಾಶಯ ಪತ್ರಕ್ಕೆ ಇದೇ ಚಿತ್ರವನ್ನು ಬಳಸಿದರು! ಹಾಗೆಂದು ವಿರೋಧಿಸಿದವರೆಲ್ಲ ಕಲೆಯ ಗಂಧವಿಲ್ಲದವರೆಂದು ತಳ್ಳಿಹಾಕುವಂತಿಲ್ಲ. ಬೆಲೆಯೇರಿಕೆ ಜನರನ್ನು ಕಾಡತೊಡಗಿದ್ದ ಕಾಲವದು. ತಮ್ಮದೇ ನೆಲದ ಕಲಾವಿದರಿಗೆ ಸಿಗದ ಹಣ ಪರದೇಶದ ಚಿತ್ರಕ್ಕೆ ಹೋಗುತ್ತಿದೆಯೆಂಬ ನೋವಿಗೂ ಅರ್ಥವಿತ್ತು.

ಆದರೆ ಲೆಕ್ಕವನ್ನೂ ನೋಡಬೇಕು. ಆಗಿನ ಆಸ್ಟ್ರೇಲಿಯಾದ ಜನಸಂಖ್ಯೆ ಸುಮಾರು 1 ಕೋಟಿ 30 ಲಕ್ಷ. ತಲೆಗೆ ಬಿದ್ದ ಹೊರೆ ಹತ್ತು ಸೆಂಟ್. ಅದೇ 1973ರ ಅಕ್ಟೋಬರ್‌ನಲ್ಲಿ ಸಿಡ್ನಿ ಒಪೆರಾ ಹೌಸ್ ಉದ್ಘಾಟನೆಗೊಂಡಿತು. 70 ಲಕ್ಷ ಡಾಲರೆಂದು ಅಂದಾಜಿಸಿದ್ದ ಆ ಕಟ್ಟಡ ಮುಗಿಯುವಾಗ ವೆಚ್ಚ 10 ಕೋಟಿ 20 ಲಕ್ಷಕ್ಕೆ ಏರಿತ್ತು. ಅದರ ಬಹುಪಾಲು ಲಾಟರಿಯಿಂದ ಬಂದ ಹಣವೆಂಬುದು ನಿಜ. ಅಲ್ಲಿಯೂ ಟೀಕೆಗಳು ಕಡಿಮೆಯಿರಲಿಲ್ಲ. ಆದರೂ ಕಟ್ಟಡವನ್ನು ನೋಡಿದವನಿಗೆ ಕಾಂಕ್ರೀಟು, ಹೆಂಚು, ಕೂಲಿ ಎಲ್ಲವೂ ಕಣ್ಣಿಗೆ ಕಾಣುತ್ತವೆ. ಅಮೂರ್ತ ಚಿತ್ರದಲ್ಲಿ ಆ ಅಳತೆಗೋಲೇ ಇಲ್ಲ. ಹೋಲಿಕೆ ನೋಡಿ ಮೆಚ್ಚಲು ಮುಖವಿಲ್ಲ, ಪಟ್ಟ ಶ್ರಮ ಕಾಣುವುದಿಲ್ಲ. ಉಳಿಯುವುದು ಬೆಲೆಯೊಂದೇ. ಬಲ್ಲವರು ಹೇಳಿದ್ದನ್ನು ನಂಬು ಎಂದಾಗ ತೆರಿಗೆ ತೆತ್ತವನಿಗೆ ಸಿಟ್ಟು ಬರುವುದು ಸಹಜವೇ.

ಕೆನಡಾದಲ್ಲೂ ಇದೇ ಕತೆ. ಬಾರ್ನೆಟ್ ನ್ಯೂಮನ್ ರಚಿಸಿದ ‘ವಾಯ್ಸ್ ಆಫ್ ಫೈರ್’ ಚಿತ್ರದಲ್ಲಿರುವುದು ನೀಲಿ, ಕೆಂಪು, ನೀಲಿ ಎಂಬ ಮೂರು ಪಟ್ಟೆಗಳಷ್ಟೇ. ಅದಕ್ಕೆ ಒಟ್ಟಾವದ ರಾಷ್ಟ್ರೀಯ ಗ್ಯಾಲರಿ ಸುಮಾರು 18 ಲಕ್ಷ ಕೆನಡಾ ಡಾಲರ್ ಕೊಟ್ಟಿದೆಯೆಂದು 1990ರಲ್ಲಿ ತಿಳಿದಾಗ, ಎರಡು ಡಬ್ಬಿ ಬಣ್ಣ, ಎರಡು ರೋಲರ್ ಕೊಟ್ಟರೆ ಹತ್ತು ನಿಮಿಷದಲ್ಲಿ ತಾನೇ ಬಳಿಯಬಲ್ಲೆನೆಂದು ಸಂಸದರೊಬ್ಬರು ಹಂಗಿಸಿದರು.

ಇಂತಹ ಖರೀದಿಗಳ ಸಮರ್ಥಕರು ಇಂದು ಒಂದು ಉತ್ತರವನ್ನು ಸಿದ್ಧವಾಗಿಟ್ಟುಕೊಂಡಿರುತ್ತಾರೆ: ‘ಬ್ಲೂ ಪೋಲ್ಸ್’ ಮೌಲ್ಯ ನೂರಾರು ಪಟ್ಟು ಏರಿದೆ, ಆದ್ದರಿಂದ ಅದು ಒಳ್ಳೆಯ ಹೂಡಿಕೆ. 2016ರಲ್ಲಿ ಅದರ ಮೌಲ್ಯ ಕನಿಷ್ಠ 35 ಕೋಟಿ ಆಸ್ಟ್ರೇಲಿಯನ್ ಡಾಲರ್ ಎಂದು ಅಂದಾಜಿಸಲಾಗಿತ್ತು. ಕೇಳಲು ಹಿತವಾದರೂ ಈ ವಾದ ದುರ್ಬಲ. ಮಾರುವ ಉದ್ದೇಶವೇ ಇಲ್ಲದ ವಸ್ತುವಿನ ಬೆಲೆ ಏರಿದರೆ ಖಜಾನೆಗೆ ಬಂದ ಲಾಭವೇನು? ಅಲ್ಲದೆ ಬೆಲೆ ಏರಿದ್ದೇ ಸಮರ್ಥನೆಯಾದರೆ, ಬೆಲೆ ಬಿದ್ದುಹೋದ ಚಿತ್ರಗಳನ್ನು ಏನು ಮಾಡಬೇಕು? ಈ ತರ್ಕದ ಅಪಾಯ ಅದೇ 2016ರಲ್ಲಿ ಪ್ರಕಟವಾಯಿತು. ಸೆನೆಟರ್ ಜೇಮ್ಸ್ ಪ್ಯಾಟರ್ಸನ್, ಅಷ್ಟು ಬೆಲೆಬಾಳುವುದಾದರೆ ಚಿತ್ರವನ್ನು ಮಾರಿ ದೇಶದ ಸಾಲವನ್ನು ಇಳಿಸಬಹುದಲ್ಲ ಎಂದರು. ಹೂಡಿಕೆಯ ಮಾತನ್ನೇ ನೆಚ್ಚಿಕೊಂಡವರ ಬಳಿ ಅದಕ್ಕೆ ಸಮರ್ಪಕ ಉತ್ತರವಿರಲು ಸಾಧ್ಯವಿಲ್ಲ.

ನಿಜವಾದ ಉತ್ತರವನ್ನು ಬೇರೆಡೆ ಹುಡುಕಬೇಕು. ಗ್ಯಾಲರಿಯ ಕಟ್ಟಡ ಇನ್ನೂ ಇಲ್ಲದಿದ್ದಾಗಲೇ, 1974ರಲ್ಲಿ, ಸಿಡ್ನಿ, ಮೆಲ್ಬರ್ನ್ ಮುಂತಾದ ಕಡೆ ಚಿತ್ರವನ್ನು ಪ್ರದರ್ಶಿಸಿದಾಗ ಜನ ತಂಡೋಪತಂಡವಾಗಿ ಬಂದರು. ಹಲವರು ಬಂದದ್ದು ಬೈಯುವ ಸಲುವಾಗಿಯೇ ಇರಬಹುದು. ಆದರೂ ಬಂದು, ಮುಂದೆ ನಿಂತು, ನೋಡಿದರು. 1982ರಲ್ಲಿ ಕ್ಯಾನ್‌ಬೆರಾದ ಗ್ಯಾಲರಿ ತೆರೆಯಿತು. ಪ್ಯಾಟರ್ಸನ್ ಮಾರಾಟದ ಮಾತೆತ್ತಿದಾಗ ಚಿತ್ರ ಲಂಡನ್ನಿನ ರಾಯಲ್ ಅಕಾಡೆಮಿಯ ಪ್ರದರ್ಶನಕ್ಕೆ ಎರವಲು ಹೋಗಿತ್ತು. ಆ ಸಲಹೆಯನ್ನು ಸರ್ಕಾರ ಸ್ವೀಕರಿಸಲಿಲ್ಲ. ಪ್ರದರ್ಶನ ಮುಗಿದ ಬಳಿಕ ಎಂಟು ಕಂಬಗಳೂ ಕ್ಯಾನ್‌ಬೆರಾಕ್ಕೆ ಮರಳಿದವು.