ನಿಲ್ಲದ ಹಕ್ಕಿ ದನಿ, ಮಾತು ಕೇಳುವ ಬಾಟ್

ಇಂಟರ್ನಲ್ಸ್‌ಗೆ ಮುಂಚೆ ರಜೆ ಸಿಕ್ಕರೆ ನಮ್ಮ ಗುಂಪು ಚೆಲ್ಲಾಪಿಲ್ಲಿ. ಒಬ್ಬ ಕೆ.ಆರ್. ಪೇಟೆಗೆ, ಒಬ್ಬಳು ನಾಗಮಂಗಲಕ್ಕೆ, ನಾನು ಪಾಂಡವಪುರಕ್ಕೆ. ರಾತ್ರಿ ಎಲ್ಲರೂ ಡಿಸ್ಕಾರ್ಡ್ ವಾಯ್ಸ್ ಚಾನೆಲ್‌ನಲ್ಲಿ ಸೇರಿ ಓದ್ತೀವಿ. ಬರೀ ಮೌನ ಇದ್ರೆ ನಿದ್ದೆ ಬರುತ್ತೆ ಅಂತ ಶ್ರೀರಂಗಪಟ್ಟಣದ ಗೆಳೆಯ ರಂಗನತಿಟ್ಟಿನಲ್ಲಿ ಫೋನ್‌ನಲ್ಲಿ ಹಿಡಿದ ಹಕ್ಕಿ ದನಿ ಕಳಿಸಿದ. ಮೂರು ನಿಮಿಷದ ಫೈಲ್. ನಮ್ಮ ಪೈಥಾನ್ ಬಾಟ್ ಅದನ್ನು ಮತ್ತೆ ಮತ್ತೆ ನುಡಿಸಬೇಕು, ಅಷ್ಟೇ.

ನಾನು ಒಂದು ವೈಲ್ ಟ್ರೂ ಲೂಪ್ ಬರೆದೆ. ಒಳಗೆ ಒಂದೇ ಪ್ರಶ್ನೆ: ಆಡಿಯೋ ಮುಗೀತಾ? ಮುಗಿದಿದ್ರೆ ಮತ್ತೆ ಪ್ಲೇ ಮಾಡು. ಹಕ್ಕಿಗಳೇನೋ ಕೂಗಿದವು, ಬಾಟ್ ಮಾತ್ರ ಕಿವುಡಾಯ್ತು. ಸ್ಟಾಪ್ ಅಂದ್ರೂ ಕೇಳಲ್ಲ, ಓದಿನ ಟೈಮರ್ ಕೂಡ ನಿಂತಿತು. ಸ್ವಲ್ಪ ಹೊತ್ತಿಗೆ ಬಾಟೇ ಆಫ್‌ಲೈನ್. ನಾಳೆ ಪರೀಕ್ಷೆ, ಇವತ್ತು ಈ ಗತಿ!

ಯಾಕೆ ಹೀಗಾಯ್ತು? ನಮ್ಮ ಕಡೆಯ ಆಲೆಮನೆ ನೆನೆಸಿಕೊಳ್ಳಿ. ಗಾಣಕ್ಕೆ ಕಬ್ಬು ಕೊಡೋದು, ಒಲೆಗೆ ಸಿಪ್ಪೆ ಹಾಕೋದು, ಎರಡನ್ನೂ ನೋಡಿಕೊಳ್ಳೋನು ಒಬ್ಬನೇ. ಅವನು ‘ಹದ ಬಂತಾ, ಬಂತಾ’ ಅಂತ ಕೊಪ್ಪರಿಗೆ ಮುಂದೆಯೇ ನಿಂತರೆ ಗಾಣ ಖಾಲಿ ತಿರುಗುತ್ತೆ, ಒಲೆ ಆರುತ್ತೆ. ಅಸಿಂಕ್ ಬಾಟ್‌ನ ಈವೆಂಟ್ ಲೂಪ್ ಕೂಡ ಇಂಥ ಒಬ್ಬನೇ ಆಳು. ಕಮಾಂಡ್, ಟೈಮರ್, ‘ನಾನಿನ್ನೂ ಇದ್ದೀನಿ’ ಎಂದು ಸರ್ವರ್‌ಗೆ ಹೇಳುವ ಹಾರ್ಟ್‌ಬೀಟ್, ಎಲ್ಲವೂ ಅವನ ಪಾಲಿಗೇ. ಅವೇಟ್ ಇಲ್ಲದ ನನ್ನ ಲೂಪ್ ಅವನನ್ನು ಅಲ್ಲಾಡಲು ಬಿಡಲಿಲ್ಲ. ಹಕ್ಕಿ ದನಿ ನಿಲ್ಲದೆ ಬಂದದ್ದು ಯಾಕೆ ಅಂದ್ರೆ, ಡಿಸ್ಕಾರ್ಡ್.ಪೈ ಆಡಿಯೋವನ್ನು ಬೇರೆ ಥ್ರೆಡ್‌ನಲ್ಲಿ, 20 ಮಿಲಿಸೆಕೆಂಡ್‌ನ ತುಣುಕುಗಳಾಗಿ ಸೆಕೆಂಡಿಗೆ 50ರಂತೆ ಕಳಿಸುತ್ತದೆ.

ಪರಿಹಾರ: ಕಾಯಬೇಡಿ, ‘ಹದ ಬಂದಾಗ ಕೂಗು’ ಅಂತ ಹೇಳಿ ಹೋಗಿ. ಪ್ಲೇ ಫಂಕ್ಷನ್‌ಗೆ ಆಫ್ಟರ್ ಎಂಬ ಆರ್ಗ್ಯುಮೆಂಟ್ ಇದೆ. ಆಡಿಯೋ ಮುಗಿದಾಗ ಅಲ್ಲಿ ಕೊಟ್ಟ ಫಂಕ್ಷನ್ ತಾನಾಗಿ ಓಡುತ್ತದೆ. ಅಲ್ಲಿಂದ ಮತ್ತೆ ಪ್ಲೇ ಕರೆಯಿರಿ. ಮೂರು ವಿಷಯ ಮರೀಬೇಡಿ:

1. ಪ್ರತಿ ಸುತ್ತಿಗೂ ಹೊಸ ಆಡಿಯೋ ಸೋರ್ಸ್ ಬೇಕು. ಓದಿ ಮುಗಿದ ಹಳೆಯದು ಮತ್ತೆ ನುಡಿಯಲ್ಲ.

2. ಆಫ್ಟರ್ ಓಡೋದು ಆಡಿಯೋ ಥ್ರೆಡ್‌ನಲ್ಲಿ. ಅಲ್ಲಿ ಅವೇಟ್ ನಡೆಯಲ್ಲ. ಈವೆಂಟ್ ಲೂಪ್‌ಗೆ ಕೆಲಸ ದಾಟಿಸಲು ಕಾಲ್ ಸೂನ್ ಥ್ರೆಡ್‌ಸೇಫ್ ಬಳಸಿ.

3. ಸ್ಟಾಪ್ ಮಾಡಿದರೂ ಆಫ್ಟರ್ ಓಡುತ್ತದೆ! ಹಾಗಾಗಿ ಸ್ಟಾಪ್ ಕಮಾಂಡ್ ಮೊದಲು ಒಂದು ಫ್ಲ್ಯಾಗ್ ಅನ್ನು ಫಾಲ್ಸ್ ಮಾಡಲಿ. ಆಫ್ಟರ್ ಆ ಫ್ಲ್ಯಾಗ್ ನೋಡಿ, ಬಾಟ್ ಕನೆಕ್ಟ್ ಆಗಿದೆಯಾ ಅಂತಲೂ ನೋಡಿ, ಆಮೇಲೆ ಮುಂದುವರಿಯಲಿ.

ಒಂದೇ ಫೈಲ್ ಸಾಕು ಅನ್ನೋರಿಗೆ ಇನ್ನೂ ಸುಲಭದ ದಾರಿ ಇದೆ: ಎಫ್‌ಎಫ್‌ಎಂಪೆಗ್‌ನ ಬಿಫೋರ್ ಆಪ್ಷನ್ಸ್‌ನಲ್ಲಿ ಸ್ಟ್ರೀಮ್ ಲೂಪ್‌ಗೆ ಮೈನಸ್ 1 ಕೊಡಿ. ಫೈಲನ್ನು ಅದೇ ಕೊನೆಯಿಲ್ಲದೆ ಸುತ್ತಿಸುತ್ತದೆ. ಸುತ್ತಿಗೊಂದು ಹಾಡು ಬದಲಿಸಬೇಕಾದರೆ ಮಾತ್ರ ಆಫ್ಟರ್ ಬೇಕು.

ಬರೆದು ಮುಗಿಸಿದ ಮೇಲೆ ಒಂದು ಪರೀಕ್ಷೆ ಮಾಡಿ. ದನಿ ಎರಡನೇ ಸುತ್ತಿಗೆ ಬಂದಾಗ ಸ್ಟಾಪ್ ಅನ್ನಿ. ಬಾಟ್ ತಕ್ಷಣ ಸುಮ್ಮನಾದ್ರೆ ಪಾಸ್. ನಮ್ಮದು ಆ ರಾತ್ರಿ ಒಂದೂವರೆಗೆ ಪಾಸಾಯ್ತು, ಆಮೇಲೇ ನಾವು ಓದೋಕೆ ಕೂತದ್ದು.