ಮನೋರೋಗಕ್ಕೆ ಮೃದು ವಿದ್ಯುತ್ತು

ಕೊಳ್ಳೇಗಾಲವೆಂದೊಡನೆ ಪಟ್ಟಣದ ವಿದ್ಯಾವಂತರಿಗೆ ಅಲ್ಲಿನ ರೇಷ್ಮೆಗಿಂತ ಮೊದಲು ಮಾಟಮಂತ್ರವೇ ನೆನಪಾಗುವುದು. ನಗುತ್ತಲೇ ನೆನೆಯುವರು, ಆದರೂ ತಾಯಿತ ಕಟ್ಟಿಸಿಕೊಳ್ಳಲು ಬೆಂಗಳೂರು ಮೈಸೂರುಗಳಿಂದ ಅಲ್ಲಿಗೆ ಹೋಗುವವರಲ್ಲಿ ಪದವೀಧರರೂ ಉಂಟು. ಅದೇ ಮಾರ್ಗದಲ್ಲಿ ಎದುರಾಗಿ, ಹನೂರು, ಯಳಂದೂರು, ಕೊಳ್ಳೇಗಾಲಗಳ ಕಡೆಯ ಮನೆಯವರು ತಮ್ಮ ರೋಗಿಯನ್ನು ಕರೆದುಕೊಂಡು ಬೆಂಗಳೂರಿನ ನಿಮ್ಹಾನ್ಸಿಗೆ ಬರುತ್ತಾರೆ. ಮೈಸೂರು ಸರ್ಕಾರದ ಹಳೆಯ ಮಾನಸಿಕ ಆಸ್ಪತ್ರೆಯ ನೆಲದಲ್ಲಿ 1974ರಲ್ಲಿ ರೂಪುಗೊಂಡ ಸಂಸ್ಥೆಯದು. ಅಲ್ಲಿ ನಡೆದಿರುವ ಒಂದು ಹೊಸ ಬಗೆಯ ಚಿಕಿತ್ಸೆಯನ್ನು ಕುರಿತು ಈ ಹೊತ್ತು ಕೆಲವು ಮಾತುಗಳನ್ನಾಡುವೆನು.

ರೋಗವನ್ನು ಮೊದಲು ನೋಡೋಣ. ಸ್ಕಿಜೋಫ್ರೀನಿಯಾ ಎಂಬ ವ್ಯಾಧಿಯಲ್ಲಿ ಅನೇಕರಿಗೆ ಇಲ್ಲದ ಧ್ವನಿ ಕೇಳಿಸುವುದು. ಯಾರೂ ಇಲ್ಲದ ಕೋಣೆಯಲ್ಲಿ ಯಾರೋ ಬಯ್ಯುವರು, ಆಜ್ಞೆ ಮಾಡುವರು; ಇಬ್ಬರು ಸೇರಿ ತನ್ನನ್ನೇ ಆಡಿಕೊಳ್ಳುವರು. ಗಾಳಿ ಸೋಕಿತೆಂದು ಮನೆಯವರು ಮಾದಪ್ಪನಿಗೆ ಹರಕೆ ಹೊರುವರು. ಹರಕೆಯನ್ನು ನಾನು ಹಳಿಯಲಾರೆ. ಅದು ನಡೆಯುತ್ತಿರಲಿ, ಔಷಧಿ ಮಾತ್ರ ತಡವಾಗಬಾರದು. ಮಾತ್ರೆಗಳಿಂದ ಬಹು ಜನಕ್ಕೆ ಧ್ವನಿ ಅಡಗುವುದು. ಕೆಲವರಿಗೆ ಎಷ್ಟು ಮಾತ್ರೆ ನುಂಗಿದರೂ ಅಡಗದು. ನಾವು ಹೇಳಹೊರಟಿರುವುದು ಈ ಕೆಲವರ ವಿಷಯ.

ನಾವೆಲ್ಲರೂ ಮನಸ್ಸಿನಲ್ಲೇ ಮಾತನಾಡಿಕೊಳ್ಳುವವರೇ. ಈ ಮಾತು ನನ್ನದೇ ಎಂಬ ಗುರುತನ್ನು ಮಿದುಳು ಅದಕ್ಕೆ ಹಚ್ಚುತ್ತಿರುತ್ತದೆ. ಆ ಗುರುತು ತಪ್ಪಿದರೆ ತನ್ನ ಮಾತೇ ಪರರ ಮಾತಾಗಿ ಕೇಳಿಸುವುದೆಂದು ಒಂದು ಮತವುಂಟು. ಇಂಥವರಲ್ಲಿ ಎಡಗಿವಿಯ ಮೇಲು ಹಿಂಭಾಗದ ಮಿದುಳು ಅತಿಯಾಗಿ ದುಡಿಯುವುದು. ಹಣೆಯ ಎಡಭಾಗದ ಹಿಂದಿರುವ, ವಿವೇಚನೆ ನಡೆಸಬೇಕಾದ ಭಾಗ ಮಂದವಾಗಿರುವುದು. ಒಂದನ್ನು ತಗ್ಗಿಸಿ ಇನ್ನೊಂದನ್ನು ಎಬ್ಬಿಸಬಹುದೆ?

ಉಪಾಯ ಬಹು ಸರಳ. ಉಪ್ಪುನೀರಿನಲ್ಲಿ ನೆನೆಸಿದ ಎರಡು ಸ್ಪಂಜುಗಳನ್ನು ಆ ಎರಡು ಸ್ಥಳಗಳಲ್ಲಿ ತಲೆಯ ಮೇಲಿಟ್ಟು, 2 ಮಿಲಿಆಂಪೇರ್ ವಿದ್ಯುತ್ತನ್ನು 20 ನಿಮಿಷ ಹರಿಸುವುದು. ಧನಾಗ್ರ ಹಣೆಯ ಕಡೆ, ಋಣಾಗ್ರ ಕಿವಿಯ ಕಡೆ. ದಿನಕ್ಕೆರಡು ಬಾರಿ, ಐದು ದಿನ. ಫ್ರಾನ್ಸಿನ ವಿದ್ವಾಂಸರು 30 ಜನ ರೋಗಿಗಳಲ್ಲಿ ಇದನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದರು. ನಿಮ್ಹಾನ್ಸಿನಲ್ಲಿ ಈ ಕೆಲಸವನ್ನು ಬೆಳೆಸಿದವರಲ್ಲಿ ಮುಖ್ಯರು ಡಾಕ್ಟರ್ ಗಣೇಶನ್ ವೆಂಕಟಸುಬ್ರಮಣಿಯನ್. 2018ರ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ ಇವರಿಗೆ ಸಂದಿತು.

“ಕರೆಂಟು ಕೊಡುವರಂತೆ” ಎಂದರೆ ಸಾಕು, ಓದಿದವರ ಮನೆಯಲ್ಲೂ ಮುಖ ಬಾಡುವುದು. ಮಾಟಕ್ಕೆ ಅಂಜುವ ಹಳ್ಳಿಯವನನ್ನು ನಕ್ಕವರು ಇಲ್ಲಿ ಅವನಿಗಿಂತ ಹೆಚ್ಚು ಅಂಜುವರು! ಹಳೆಯ ಕೈದೀಪದ ಬುರುಡೆಗೆ ಬೇಕಾಗುವ ವಿದ್ಯುತ್ತಿನ ನೂರರಲ್ಲೊಂದು ಪಾಲೂ ಇದಿಲ್ಲ. ಕೊಳ್ಳೇಗಾಲದ ಮಗ್ಗುಲಿನ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿದ ಪ್ರವಾಹವೆಲ್ಲಿ, ಇದೆಲ್ಲಿ! ರೋಗಿ ಎಚ್ಚರವಾಗಿಯೇ ಕುಳಿತಿರುವನು. ಚರ್ಮದ ಮೇಲೆ ನವೆಯೋ ಚುಮುಚುಮು ಎಂಬ ಉರಿಯೋ ತೋರೀತು. 1938ರಲ್ಲಿ ರೋಮಿನಲ್ಲಿ ಮೊದಲಾದ, ಸೆಳವು ಬರಿಸುವ ವಿದ್ಯುಚ್ಚಿಕಿತ್ಸೆಯೇ ಬೇರೆ. ಅದೂ ಪ್ರಾಣ ಉಳಿಸಿದ ಚಿಕಿತ್ಸೆಯೇ. ಅರಿವಳಿಕೆಯಿಲ್ಲದೆ ಅದನ್ನು ಕೊಡಕೂಡದೆಂದು 2017ರ ಮಾನಸಿಕ ಆರೋಗ್ಯ ಶಾಸನ ವಿಧಿಸಿದೆ.

ಗುಣವು ವಿದ್ಯುತ್ತಿನದೋ ನಂಬಿಕೆಯದೋ ಎಂದು ನೀವು ಕೇಳಬಹುದು. ತಾಯಿತಕ್ಕೂ ಈ ಪ್ರಶ್ನೆಯನ್ನೇ ಕೇಳಬೇಕು, ಕೇಳುವವರು ಕಡಮೆ. ಸಂಶೋಧಕರು ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ನಿಜವಾದ ಪ್ರವಾಹವನ್ನೂ ಇನ್ನೊಂದಕ್ಕೆ ಹುಸಿ ಪ್ರವಾಹವನ್ನೂ ಕೊಡುತ್ತಾರೆ. ಹುಸಿಯದು ಮೊದಲು ಕ್ಷಣಕಾಲ ಹರಿದು, ನವೆ ಹುಟ್ಟಿಸಿ, ನಿಂತುಹೋಗುವುದು. ತನಗೆ ದೊರೆತದ್ದು ಯಾವುದೆಂದು ರೋಗಿಗೂ ತಿಳಿಯದು, ಗುಣವನ್ನು ಅಳೆಯುವವನಿಗೂ ತಿಳಿಯದು. ಹೀಗೆ ಅಳೆದಾಗ ನಿಮ್ಹಾನ್ಸಿನ ಪರೀಕ್ಷೆಯಲ್ಲಿ ನಿಜ ಪ್ರವಾಹದವರಿಗೇ ಹೆಚ್ಚು ಶಮನ ಕಂಡಿತು. ಬೇರೆ ದೇಶಗಳ ಕೆಲವು ಪರೀಕ್ಷೆಗಳಲ್ಲಿ ಭೇದವೇ ಕಾಣಲಿಲ್ಲ. ಆದುದರಿಂದ ಇದನ್ನು ಮಾತ್ರೆಗಳ ಜೊತೆಗಿನ ಸಹಾಯವೆಂದು ತಿಳಿಯಬೇಕೇ ಹೊರತು, ಇದನ್ನು ನಂಬಿ ಮಾತ್ರೆ ಬಿಡಕೂಡದು.

ಇನ್ನು ದೂರದ ಮಾತು. ಹನೂರಿನ ಕೂಲಿಯವನಿಗೆ ಐದು ದಿನದ ಚಿಕಿತ್ಸೆಯೆಂದರೆ ಐದು ದಿನದ ಕೂಲಿ ನಷ್ಟ. ಜೊತೆಗೆ ಬಂದವರದೂ ಅಷ್ಟೇ. ತಂಗಲು ಸ್ಥಳ, ಊಟ ಬೇರೆ. ಯಂತ್ರವಾದರೋ ಚಿಕ್ಕದು, ಬ್ಯಾಟರಿಯಿಂದ ನಡೆಯುವಂಥದು, ಕೈಚೀಲದಲ್ಲಿ ಹಿಡಿಯುವುದು. ಬಲ್ಲ ವೈದ್ಯರ ಕಣ್ಣೆದುರಿಗೆ, ತರಬೇತಾದವರ ಕೈಯಲ್ಲಿ ಅದು ಚಾಮರಾಜನಗರ ಜಿಲ್ಲೆಯಲ್ಲೇ ನಡೆಯಬೇಕೆಂಬುದು ನನ್ನ ಆಸೆ. ಅಲ್ಲಿಯವರೆಗೆ, ಬಸ್ಸು ಹತ್ತುವ ಮೊದಲು ಕೇಳಿ ತಿಳಿಯಲು ಒಂದು ದಾರಿಯುಂಟು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮನಸ್ ದೂರವಾಣಿಯ ಸಂಖ್ಯೆ 14416; ಶುಲ್ಕವಿಲ್ಲ, ಕನ್ನಡದಲ್ಲೇ ಮಾತನಾಡಬಹುದು.